ಕಾರ್ ಶೆಡ್ಡಿನ ಬಿಳಿ ನೆಲ

ನಮ್ಮ ಮನೆಯ ಕಾರ್ ಶೆಡ್ಡಿಗೆ ಎಪಾಕ್ಸಿ ಎಂಬ ಗಟ್ಟಿ ನೆಲಬಣ್ಣ ಬಳಿಸಬೇಕೆಂದು ತೀರ್ಮಾನ ಮಾಡಿದವಳು ನಾನೇ. ಬಣ್ಣ ಆರಿಸಿದವಳೂ ನಾನೇ. ಈಗ ಆ ಬಿಳಿ ನೆಲದಲ್ಲಿ, ಹೊಸ್ತಿಲಿನ ಎದುರಿಗೆ, ಇಟ್ಟಿಗೆ ಬಣ್ಣದ ಒಂದು ಚೌಕವಿದೆ. ಮನೆಗೆ ಬಂದವರು ಅದೇನು ಎಂದು ಕೇಳುತ್ತಾರೆ. ನಿಂತ ನಿಲುವಿನಲ್ಲಿ ಹೇಳಿ ಮುಗಿಸಲು ಆಗುವುದಿಲ್ಲವೆಂದು ಇಲ್ಲಿ ಬರೆಯುತ್ತಿದ್ದೇನೆ.

ಮನೆ ರಾಮನಗರದಲ್ಲಿದೆ. ಮೂವತ್ತು ನಲವತ್ತರ ಸೈಟು. ಕೆಳಗೆ ಅರ್ಧ ಜಾಗ ಕಾರಿಗೆ, ಉಳಿದ ಅರ್ಧದಲ್ಲಿ ನಾನು ಮತ್ತು ನನ್ನ ಅಕ್ಕ. ಮೇಲೆ ಮಗಳು, ಅಳಿಯ. ಇಂಥ ಸೈಟಿನ ಮನೆಗೆ ಅಂಗಳ ಎಂಬುದಿರುವುದಿಲ್ಲ. ಗೇಟು ತೆರೆದರೆ ಕಾರ್ ಶೆಡ್ಡು, ಅದನ್ನು ದಾಟಿದರೆ ಹೊಸ್ತಿಲು. ಹೂವಿನವಳು ಬುಟ್ಟಿ ಇಳಿಸುವುದು ಅಲ್ಲಿ, ಮಳೆಗಾಲದಲ್ಲಿ ಬಟ್ಟೆ ಒಣಗಿಸುವುದು ಅಲ್ಲಿ, ಸಂಜೆ ಕೂತು ಸೊಪ್ಪು ಸೋಸುವುದೂ ಅಲ್ಲಿ. ಬೆಳಿಗ್ಗೆ ರಂಗೋಲಿ ಬೀಳುವುದೂ ಅಲ್ಲೇ.

ನಾನು ಸರ್ಕಾರಿ ಆಸ್ಪತ್ರೆಗಳಲ್ಲಿ ನರ್ಸ್ ಆಗಿದ್ದವಳು. ಮಾಗಡಿ, ಕನಕಪುರ, ಚನ್ನಪಟ್ಟಣ ಸುತ್ತಿ ಬಂದು ರಾಮನಗರದಲ್ಲಿ ನಿವೃತ್ತಿಯಾದೆ. ಹೆಚ್ಚಿನ ವರ್ಷಗಳು ಆಪರೇಷನ್ ಥಿಯೇಟರಿನಲ್ಲೇ ಕಳೆದವು. ತರಬೇತಿಯ ಹಾಸ್ಟೆಲಿನಲ್ಲಿ ಹಾಸಿಗೆಯ ಮೂಲೆ ಮಡಿಸುವುದಕ್ಕೂ ಒಂದು ನಿಯಮವಿತ್ತು. ಜೊತೆಯವರು ಗೊಣಗುತ್ತಿದ್ದರು, ನನಗೆ ಅದು ಹಿಡಿಸಿತು. ಯಾವ ವಸ್ತು ಎಲ್ಲಿರಬೇಕೋ ಅಲ್ಲಿದ್ದರೆ ಮನಸ್ಸಿಗೆ ಅರ್ಧ ಕೆಲಸ ಕಡಿಮೆ. ಇವತ್ತಿಗೂ ನಾನು ಬೆಳಕು ಹರಿಯುವ ಮೊದಲೇ ಏಳುತ್ತೇನೆ, ಹಾಸಿಗೆಯ ಮೂಲೆ ಮಡಿಸಿಯೇ ಕೋಣೆಯಿಂದ ಹೊರಗೆ ಬರುತ್ತೇನೆ.

ಅಕ್ಕ ನನಗಿಂತ ಬಹಳ ದೊಡ್ಡವಳು. ನಮ್ಮವ್ವ ಬೇಗ ತೀರಿಕೊಂಡಳು. ಆಮೇಲೆ ನನ್ನ ತಲೆ ಬಾಚಿ, ಬುತ್ತಿ ಕಟ್ಟಿ, ಶಾಲೆಗೆ ಕಳಿಸಿದವಳು ಇವಳೇ. ಕನಕಪುರದಾಚೆ ಉಯ್ಯಂಬಳ್ಳಿಯ ಕಡೆ ಮದುವೆ ಮಾಡಿ ಕೊಟ್ಟಿದ್ದರು. ಹಿಪ್ಪುನೇರಳೆ ತೋಟ, ರೇಷ್ಮೆ ಹುಳು, ಎರಡು ಎಮ್ಮೆ, ಅದರಲ್ಲೇ ಅವಳ ಬದುಕು ನಡೆಯಿತು. ಭಾವ ಹೋದ ಮೇಲೆ ಮರೆವು ಶುರುವಾಯಿತು. ಮೊದಲು ಒಲೆಯ ಮೇಲಿನ ಹಾಲು ಮರೆಯಿತು, ಆಮೇಲೆ ಮೊಮ್ಮಕ್ಕಳ ಹೆಸರು. ಮಗ ಸೊಸೆ ಒಳ್ಳೆಯವರು, ಆದರೆ ಹಗಲೆಲ್ಲ ತೋಟದಲ್ಲಿರುತ್ತಾರೆ. ಮನೆಯ ಹಿಂದೆಯೇ ಕಟ್ಟೆಯಿಲ್ಲದ ಬಾವಿ. ಒಂದು ದಿನ ನಾನೇ ಹೋಗಿ ಅವಳ ಸೀರೆಗಳನ್ನು ಮಡಿಸಿ ಬ್ಯಾಗಿಗೆ ಹಾಕಿಕೊಂಡು ಅವಳನ್ನು ಕರೆದುಕೊಂಡು ಬಂದೆ.

ಇಲ್ಲಿಗೆ ಬಂದ ಮೇಲೆ ಅವಳ ಕೈಯಿಂದ ಒಂದೊಂದೇ ಕೆಲಸ ಜಾರಿತು. ಕುಕ್ಕರ್ ಕೂಗಿದರೆ ಬೆಚ್ಚುತ್ತಿದ್ದಳು. ಗ್ಯಾಸ್ ಒಲೆಯ ಹತ್ತಿರ ನಾನು ಬಿಡುತ್ತಿರಲಿಲ್ಲ. ಸೊಪ್ಪು ಸೋಸಲು ಕೊಟ್ಟರೆ ಕಡ್ಡಿ ಇಟ್ಟುಕೊಂಡು ಸೊಪ್ಪನ್ನೇ ಎಸೆಯುತ್ತಿದ್ದಳು. ಉಳಿದದ್ದು ರಂಗೋಲಿ ಒಂದೇ. ನನ್ನ ಹೆಸರು ಬಾಯಿಗೆ ಬಾರದ ದಿನವೂ ಅವಳ ಕೈಗೆ ಚುಕ್ಕಿ ತಪ್ಪುತ್ತಿರಲಿಲ್ಲ. ನೆಲಕ್ಕೆ ನೀರು ಚಿಮುಕಿಸಿ, ಗುಡಿಸಿ, ಕುಕ್ಕರಗಾಲಿನಲ್ಲಿ ಕೂತು, ಬೆರಳ ಸಂದಿಯಿಂದ ಪುಡಿ ಬಿಡುತ್ತ ಹೋದರೆ ಸಾಲುಗಳು ಸ್ಕೇಲು ಇಟ್ಟ ಹಾಗೆ ಬರುತ್ತಿದ್ದವು. ಡಾಕ್ಟರು ಅದನ್ನೇ ಹೇಳಿದ್ದರು. "ಕೈಗೆ ನೆನಪಿರೋ ಕೆಲಸ ಬಿಡಿಸಬೇಡಿ ಸಿಸ್ಟರ್. ಅದು ಹೋದ್ರೆ ಉಳಿದಿದ್ದೆಲ್ಲ ಬೇಗ ಹೋಗುತ್ತೆ."

ಅವರು ಹೇಳದಿದ್ದರೂ ನನಗೆ ಗೊತ್ತಿತ್ತು. ಕೆಲಸವಿರುವ ತನಕ ಅವಳು ಈ ಮನೆಯ ದೊಡ್ಡವಳು. ಪುಡಿಯ ಡಬ್ಬಿ ಕೆಳಗಿಟ್ಟ ದಿನ ಅವಳು ಪೇಷಂಟ್. ಪೇಷಂಟುಗಳನ್ನು ನೋಡಿಕೊಳ್ಳುವುದು ನನಗೆ ಚೆನ್ನಾಗಿ ಗೊತ್ತು. ಅಕ್ಕನನ್ನು ಹಾಗೆ ನೋಡಿಕೊಳ್ಳುವ ದಿನ ಬರುವುದು ಮಾತ್ರ ನನಗೆ ಬೇಡವಾಗಿತ್ತು.

ಮೊದಲು ಅವಳು ರಂಗೋಲಿ ಹಾಕುತ್ತಿದ್ದುದು ಗೇಟಿನಾಚೆ, ರಸ್ತೆಯ ಅಂಚಿನಲ್ಲಿ. ಒಂದು ಬೆಳಿಗ್ಗೆ ಹಾಕಿ ಮುಗಿಸಿದವಳು ಒಳಗೆ ಬರಲಿಲ್ಲ. ನಾನೂ ಮಗಳೂ ಬೀದಿ ಬೀದಿ ಹುಡುಕಿದೆವು. ಕೊನೆಗೆ ಸಿಕ್ಕಿದ್ದು ರೇಷ್ಮೆಗೂಡಿನ ಮಾರುಕಟ್ಟೆಯ ಹತ್ತಿರ. ಕನಕಪುರದ ಕಡೆಯಿಂದ ಗೂಡು ತಂದಿದ್ದ ರೈತರ ನಡುವೆ, ಗೂಡಿನ ಮಂಕರಿ ಬುಟ್ಟಿಗೆ ಒರಗಿಕೊಂಡು, ಟೀ ಕುಡಿಯುತ್ತ ಕೂತಿದ್ದಳು. ಅವರ ಮಾತು ಕಿವಿಗೆ ಬಿದ್ದು ಅಲ್ಲೇ ಸೇರಿಕೊಂಡಿದ್ದಳು.

"ನಿಮ್ಮೋರಾ?" ಎಂದು ಅವರಲ್ಲಿ ಒಬ್ಬ ಹೆಂಗಸು ಕೇಳಿದಳು. "ಉಯ್ಯಂಬಳ್ಳಿಗೆ ಹೋಗ್ಬೇಕು ಅಂತು ನಿಮ್ಮವ್ವ. ನಮ್ ಟೆಂಪೊ ಆ ಕಡಿಗೇ ಹೋಯ್ತದೆ, ಕೂರಿಸ್ಕೊಂಡು ಹೋಗಿ ಬುಡುವ ಅಂತಿದ್ದೊ."

"ಅವ್ವ ಅಲ್ಲ, ಅಕ್ಕ" ಎಂದೆ.

"ಅಕ್ಕನಾ? ಅದೇ ನೋಡಿ, ಮನೇಲಿ ಯಾರವ್ರೆ ಅಂತ ಕೇಳಿದ್ರೆ, ಒಂದು ಮಗ ಐತೆ, ಜಡೆ ಹಾಕಿ ಬುಟ್ಟು ಬಂದಿವ್ನಿ, ಇಸ್ಕೂಲಿಗೆ ಹೊತ್ತಾಯ್ತು ಅಂತಾವ್ಳೆ."

ಆ ಮಗು ನಾನೇ ಎಂದು ಆ ಹೆಂಗಸಿಗೆ ಹೇಳಲಿಲ್ಲ. ಮನೆಗೆ ಕರೆತಂದು ಗೇಟಿಗೆ ಬೀಗ ಹಾಕಿದೆ. ಅಂದಿನಿಂದ ರಂಗೋಲಿ ಕಾರ್ ಶೆಡ್ಡಿನೊಳಗೆ, ಹೊಸ್ತಿಲಿನ ಎದುರು ಬೀಳತೊಡಗಿತು. ಒಂದೆರಡು ಸಲ ಕೈ ಹಿಡಿದು ಹೊರಗೆ ಕರೆದುಕೊಂಡು ಹೋಗಿ ನೋಡಿದೆ. ಗೇಟು ದಾಟಿದೊಡನೆ ಅವಳ ಕಾಲು ಊರಿನ ದಾರಿ ಹಿಡಿಯುತ್ತಿತ್ತು. ಬಯಲು ಎಂದು ಅವಳಿಗೆ ಉಳಿದದ್ದು ಆ ಶೆಡ್ಡಿನ ನೆಲವಷ್ಟೇ.

ಅದು ಬರೀ ಸಿಮೆಂಟಿನ ನೆಲ. ವರ್ಷಗಳಿಂದ ಎಣ್ಣೆ, ಗ್ರೀಸು ಕುಡಿದು ಕಪ್ಪಾಗಿತ್ತು. ಅಲ್ಲಲ್ಲಿ ಬಿರುಕು, ಗುಡಿಸಿದಷ್ಟೂ ಪುಡಿ ಏಳುತ್ತಿತ್ತು. ಒಂದು ದಿನ ಅಕ್ಕ ಸೊಪ್ಪಿನ ಮೊರ ಹಿಡಿದು ಹೋಗುತ್ತಿದ್ದವಳು ಕಾರಿನಿಂದ ಸೋರಿದ್ದ ಎಣ್ಣೆಯ ಮೇಲೆ ಕಾಲಿಟ್ಟು ಧೊಪ್ಪನೆ ಕೂತುಬಿಟ್ಟಳು. ಮೂಳೆಗೆ ಏನೂ ಆಗಲಿಲ್ಲ. ಸೊಂಟ ಕಂದಿತು, ಸ್ವಲ್ಪ ದಿನ ಗೋಡೆ ಹಿಡಿದು ನಡೆದಳು. ಈ ವಯಸ್ಸಿನಲ್ಲಿ ಸೊಂಟ ಮುರಿದವರು ಮತ್ತೆ ಎದ್ದು ಓಡಾಡದೇ ಇರುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಕಪ್ಪು ನೆಲದ ಮೇಲೆ ಕಪ್ಪು ಎಣ್ಣೆ ಯಾರಿಗೂ ಕಂಡಿರಲಿಲ್ಲ, ನನಗೂ ಕಂಡಿರಲಿಲ್ಲ. ಥಿಯೇಟರಿನ ನೆಲ ಯಾಕೆ ತಿಳಿ ಬಣ್ಣದ್ದು ಎಂದು ತರಬೇತಿಯಲ್ಲೇ ನಮಗೆ ಹೇಳಿಕೊಟ್ಟಿದ್ದರು. ಬಿದ್ದ ಸೂಜಿ ಕಾಣಬೇಕು, ಬಿದ್ದ ರಕ್ತದ ಹನಿ ಕಾಣಬೇಕು. ಮನೆಯ ನೆಲಕ್ಕೂ ಅದೇ ನ್ಯಾಯ ಎಂದುಕೊಂಡೆ.

ಬೆಂಗಳೂರು ರಸ್ತೆಯ ಅಂಗಡಿಯೊಂದರಿಂದ ಎಪಾಕ್ಸಿಯ ಕಂಟ್ರಾಕ್ಟರ್ ಬಂದ. ಬಣ್ಣದ ಕಾರ್ಡನ್ನು ಕಾರಿನ ಬಾನೆಟ್ಟಿನ ಮೇಲೆ ಬಿಚ್ಚಿಟ್ಟ. ಪುಟ್ಟ ಪುಟ್ಟ ಚೌಕಗಳು. ಕಡು ಬೂದಿ, ಹಸಿರು, ಇಟ್ಟಿಗೆ ಕೆಂಪು, ತಿಳಿ ಬೂದಿ, ಕೊನೆಯಲ್ಲಿ ಹಾಲಿನ ಕೆನೆಯಂಥ ಬಿಳಿ.

"ಮೇಡಂ, ಕಾರ್ ನಿಲ್ಸೋ ಜಾಗಕ್ಕೆ ಎಲ್ರೂ ಡಾರ್ಕ್ ಗ್ರೇನೇ ಹಾಕ್ಸೋದು. ಟೈರ್ ಗುರುತು ಕಾಣಲ್ಲ. ಎಣ್ಣೆ ಬಿದ್ರೂ ಗೊತ್ತಾಗಲ್ಲ."

"ಗೊತ್ತಾಗಲಿ ಅಂತಲೇ ಹಾಕಿಸ್ತಿರೋದು" ಎಂದೆ.

ಕಾರು ಮಗಳದು. ಬಿಡದಿಯಲ್ಲಿ ಒಂದು ಕಾರ್ಖಾನೆಯ ಆಫೀಸಿಗೆ ಅವಳು ದಿನವೂ ಓಡಿಸಿಕೊಂಡು ಹೋಗುತ್ತಾಳೆ. ಅವಳು ಮೆಟ್ಟಿಲ ಮೇಲೆ ನಿಂತು, "ಅಮ್ಮ, ಇದು ಥಿಯೇಟರ್ ಅಲ್ಲ. ನಾಳೆ ಕಾರಿಗೂ ಗೌನು, ಮಾಸ್ಕು ಹಾಕಿಸಿ ಒಳಗೆ ಬಿಡ್ತೀಯಾ?" ಎಂದಳು.

"ಟೈರ್ ತೊಳ್ಕೊಂಡು ಬಂದ್ರೆ ಸಾಕು."

"ನಂಗೆ ಬೂಟು ಕಳಚಿಸ್ತಿದ್ದೆ, ಈಗ ಕಾರಿಂದೂ ಶುರುವಾಯ್ತು."

ಅಕ್ಕ ಹತ್ತಿರ ಬಂದು ಕಾರ್ಡನ್ನು ಮುಟ್ಟಿ ನೋಡಿದಳು. "ಯಾರಿಗವ್ವ ರವಿಕೆ ಬಟ್ಟೆ?"

"ರವಿಕೆ ಅಲ್ಲ ಅಕ್ಕ, ನೆಲದ ಬಣ್ಣ. ಯಾವುದು ಹಾಕಿಸೋಣ ಹೇಳು."

"ನೆಲಕ್ಕೂ ಬಣ್ಣ ಆರಿಸ್ತಾರಾ? ನೆಲ ನೆಲದಂಗೆ ಇರ್ತದೆ ಕಣವ್ವ." ಆದರೂ ಅವಳ ಬೆರಳು ಇಟ್ಟಿಗೆ ಕೆಂಪಿನ ಮೇಲೆ ನಿಂತಿತು. "ಇದು ನಮ್ ಜಗ್ಲಿ."

"ಅದರಲ್ಲಿ ಎಣ್ಣೆ ಬಿದ್ರೆ ಕಾಣಲ್ಲ."

"ಎಣ್ಣೆ ಕಾಣ್ಲಿ ಅಂತ ಬಣ್ಣ ಹೊಡಿಸೋರ್ನ ನಾನು ನಿನ್ನೊಬ್ಳನ್ನೇ ನೋಡಿದ್ದು."

ಕಂಟ್ರಾಕ್ಟರ್ ನಕ್ಕ. ಮಗಳೂ ನಕ್ಕಳು. ನಾನು ಬಿಳಿಗೆ ಗುರುತು ಹಾಕಿ ಕಾರ್ಡು ಮಡಿಸಿ ಕೊಟ್ಟೆ. ಅಲ್ಲಿ ನಾವಿಷ್ಟು ಜನ ನಿಂತಿದ್ದೆವು. ಅವತ್ತಿನ ಬೆಳಗಿನ ರಂಗೋಲಿ ನಮ್ಮ ಕಾಲ ಬಳಿಯೇ ಇತ್ತು. ಒಬ್ಬರಿಗೂ ಅದು ಹೊಳೆಯಲಿಲ್ಲ. ದಿನಾ ಕಣ್ಣಿಗೆ ಬೀಳುವುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಕೆಲಸ ನಡೆದಷ್ಟು ದಿನ ಅಕ್ಕನನ್ನು ಒಳಗೇ ಇರಿಸಿಕೊಂಡೆ. ಮಿಷಿನ್ನಿನಿಂದ ನೆಲ ಉಜ್ಜಿದರು, ಬಿರುಕಿಗೆ ಪುಟ್ಟಿ ತುಂಬಿದರು, ಪ್ರೈಮರ್ ಹೊಡೆದರು. ಆಮೇಲೆ ಎರಡು ಡಬ್ಬಿಯದನ್ನು ಒಂದಕ್ಕೊಂದು ಕಲಸಿ, ಗಟ್ಟಿಯಾಗುವುದರೊಳಗೆ ರೋಲರಿನಿಂದ ಎಳೆದರು. ಕಾಲು ಜಾರದಿರಲೆಂದು ಮೇಲಿನ ಪದರಕ್ಕೆ ನಯವಾದ ಮರಳು ಬೆರೆಸಲು ನಾನು ಹೇಳಿದ್ದೆ. ಕೆಲಸ ಅಚ್ಚುಕಟ್ಟಾಗಿತ್ತು. ನೆಲ ಒಣಗಿದ ಮೇಲೆ ಗೋಡೆಯ ಬುಡದಿಂದ ಬುಡಕ್ಕೆ ನೋಡಿದೆ. ಒಂದು ಕೂದಲು ಬಿದ್ದರೂ ಕಾಣುವಂತಿತ್ತು. ಎಷ್ಟೋ ಕಾಲದ ಮೇಲೆ ನನ್ನ ಮನೆಯಲ್ಲಿ ಒಂದು ಜಾಗ ನನ್ನ ಮನಸ್ಸಿಗೆ ಪೂರ್ತಿ ಒಪ್ಪುವಂತಾಗಿತ್ತು.

ಅಕ್ಕನನ್ನು ಕರೆದೆ. ಅವಳು ಹೊಸ್ತಿಲ ಮೇಲೆ ನಿಂತಳು. ಆಮೇಲೆ ಸೀರೆಯ ನೆರಿಗೆಯನ್ನು ಎರಡೂ ಕೈಯಲ್ಲಿ ಮೊಣಕಾಲಿನವರೆಗೆ ಎತ್ತಿ ಹಿಡಿದುಕೊಂಡಳು.

"ಯಾಕಕ್ಕ?"

"ನೀರು ನಿಂತೈತಲ್ಲೆ."

"ನೀರಲ್ಲ, ಒಣಗಿದೆ. ಹೊಳಪು ಅಷ್ಟೇ. ನೋಡು, ನಾನು ನಿಂತಿದ್ದೀನಿ."

ಅವಳು ನನ್ನ ಪಾದಗಳನ್ನು ನೋಡಿದಳು, ನನ್ನ ಮುಖ ನೋಡಿದಳು. ಕಾಲಿನ ಹೆಬ್ಬೆರಳಿನಿಂದ ನೆಲ ಮುಟ್ಟಿ ನೋಡಿ ಕೊನೆಗೆ ಇಳಿದಳು. ಆದರೆ ಸೀರೆಯನ್ನು ಕೆಳಗೆ ಬಿಡಲಿಲ್ಲ. ಹೊಲದ ಬದುವಿನಲ್ಲಿ ನೀರು ಹಾಯಿಸುವಾಗ ನಡೆಯುವ ಹಾಗೆ ಕಾಲೆತ್ತಿ ಎತ್ತಿ ಇಡುತ್ತ ಶೆಡ್ಡು ದಾಟಿದಳು. ರೂಢಿಯಾಗುತ್ತದೆ ಎಂದುಕೊಂಡೆ. ಆಸ್ಪತ್ರೆಗೆ ಹೊಸದಾಗಿ ಬಂದವರಿಗೂ ಹೀಗೇ, ನಾಲ್ಕು ದಿನ ಕಳೆದರೆ ಸರಿಹೋಗುತ್ತದೆ.

ಮಾರನೆಯ ಬೆಳಿಗ್ಗೆ ಎಂದಿನಂತೆ ಡಬ್ಬಿ ಹಿಡಿದು ಕೂತಳು. ನಾನು ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದೆ. ಚುಕ್ಕಿ ಇಟ್ಟಳು. ನೋಡಿದಳು. ಅದೇ ಜಾಗದಲ್ಲಿ ಮತ್ತೆ ಇಟ್ಟಳು. ಬೆರಳನ್ನು ಕಣ್ಣಿನ ಹತ್ತಿರ ತಂದು ನೋಡಿಕೊಂಡಳು. ನನಗೆ ಆಗ ಅರ್ಥವಾಯಿತು. ಬಿಳಿ ನೆಲದ ಮೇಲೆ ಬಿಳಿ ಪುಡಿ. ನನಗೇ ಕಾಣುತ್ತಿರಲಿಲ್ಲ, ಇನ್ನು ಪೊರೆ ಬಂದ ಅವಳ ಕಣ್ಣಿಗೆ ಕಾಣುವುದೆಲ್ಲಿ.

"ಪುಡಿ ಸತ್ತೋಗೈತೆ ಕಣೆ" ಎಂದಳು.

"ಹೂಂ ಅಕ್ಕ, ಹಳೆಯದು. ಬೇರೆ ತರ್ತೀನಿ" ಎಂದೆ. ನೆಲದ ತಪ್ಪು ಎಂದು ಹೇಳಬಹುದಿತ್ತು. ಹೇಳಿದ್ದರೂ ಅವಳಿಗೆ ಅರ್ಥವಾಗುತ್ತಿತ್ತೋ ಇಲ್ಲವೋ. ಅಂಗಡಿಯಿಂದ ಹೊಸ ಪೊಟ್ಟಣ ತಂದು ಕೊಟ್ಟೆ. ಹೊಸದೂ ಬೆಳ್ಳಗೇ ಇತ್ತು. ಅವಳು ಸ್ವಲ್ಪ ಹೊತ್ತು ಚುಕ್ಕಿ ಇಡುತ್ತಿದ್ದು ನಿಲ್ಲಿಸಿದಳು. ಬಲಗೈಯನ್ನು ಎಡಗೈಯಲ್ಲಿ ಹಿಡಿದು, ಮಗುವಿನ ಕೈ ನೋಡುವ ಹಾಗೆ ತಿರುಗಿಸಿ ತಿರುಗಿಸಿ ನೋಡಿದಳು.

"ಪುಡಿ ಚೆನ್ನಾಗೈತೆ. ನನ್ ಕೈಯೇ ಹೋಗೈತೆ."

ಆ ದಿನ ಮಧ್ಯಾಹ್ನ ಮಗಳಿಗೆ ಫೋನ್ ಮಾಡಿ, ಬರುವಾಗ ಬಣ್ಣದ ರಂಗೋಲಿ ಪುಡಿ ತರಲು ಹೇಳಿದೆ. ಕೆಂಪು, ಹಳದಿ, ಹಸಿರು, ನೀಲಿ. ಬಿಳಿ ನೆಲದ ಮೇಲೆ ಬಣ್ಣ ಎದ್ದು ಕಾಣುತ್ತದೆ, ಸಮಸ್ಯೆ ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಮರುದಿನ ಬೆಳಿಗ್ಗೆ ಅಕ್ಕನ ಮುಂದೆ ನಾಲ್ಕು ಬಟ್ಟಲು ಜೋಡಿಸಿಟ್ಟೆ. ಅವಳು ಬಟ್ಟಲುಗಳನ್ನು ನೋಡಿ, "ಮೊದಲೇ ಹೇಳಬಾರದಾ?" ಎಂದು ನನ್ನನ್ನೇ ಗದರಿಕೊಂಡಳು. ಏನು ಹೇಳಬೇಕಿತ್ತು ಎಂದು ನನಗೆ ತಿಳಿಯಲಿಲ್ಲ. ಕೈ ಓಡಿತು. ಸಾಲು ಸರಿಯಾಗಿ ಬಂತು. ನಡುವೆ ಹಳದಿ, ಸುತ್ತ ಕೆಂಪು, ಅಂಚಿಗೆ ಹಸಿರು ಬಳ್ಳಿ. ಅಂಥ ರಂಗೋಲಿ ಈ ಮನೆಯಲ್ಲಿ ಅವಳು ಅದುವರೆಗೆ ಹಾಕಿರಲಿಲ್ಲ. ಮಗಳು ಫೋನಿನಲ್ಲಿ ಫೋಟೊ ತೆಗೆದಳು, ಕಾರನ್ನು ಜೋಪಾನವಾಗಿ ಹಿಂದಕ್ಕೆ ತೆಗೆದುಕೊಂಡು ಹೋದಳು.

ಅಕ್ಕ ಎದ್ದು ಒಳಗೆ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತಳು. "ಬೇಳೆ ಬೇಯಾಕೆ ಇಟ್ಯಾ?"

"ಯಾಕಕ್ಕ?"

"ಒಬ್ಬಟ್ಟಿಗೆ. ಹಬ್ಬದ ದಿನ ಹಿಂಗೆ ನಿಂತಿದ್ದೀಯಲ್ಲ ನೀನು. ಮಾವಿನ ಸೊಪ್ಪೆಲ್ಲಿ?"

ನಮ್ಮ ಕಡೆ ದಿನದ ರಂಗೋಲಿ ಬಿಳಿ, ಹೆಚ್ಚೆಂದರೆ ಸುತ್ತ ಕೆಮ್ಮಣ್ಣಿನ ಅಂಚು. ಬಣ್ಣ ತುಂಬುವುದು ಹಬ್ಬಕ್ಕೆ. ನನಗೆ ಇದು ಗೊತ್ತಿಲ್ಲದ ಸಂಗತಿಯಲ್ಲ. ಆದರೆ ಕ್ಯಾಲೆಂಡರ್ ನೋಡಿ ಹಬ್ಬ ತಿಳಿಯುವ ನನ್ನಂಥವಳಿಗೆ ಬಣ್ಣ ಬರೀ ಬಣ್ಣ. ಅಕ್ಕನಿಗೆ ವಾರ, ತಿಂಗಳು ಎಲ್ಲ ಕಲಸಿಹೋಗಿ, ಇವತ್ತು ಎಂಥ ದಿನ ಎಂದು ತಿಳಿಯಲು ಉಳಿದಿದ್ದದ್ದು ನೆಲದ ಮೇಲಿನ ಈ ಬಣ್ಣವೊಂದೇ.

"ಇವತ್ತು ಹಬ್ಬ ಅಲ್ಲ ಅಕ್ಕ."

"ಹಬ್ಬ ಅಲ್ದೆ ಬಣ್ಣ ಯಾತಕ್ಕೆ ಕೊಟ್ಟೆ?"

ಅವಳು ಒಳಗೆ ಹೋಗಿ ಟ್ರಂಕಿನಿಂದ ರೇಷ್ಮೆ ಸೀರೆ ತೆಗೆದು ಉಟ್ಟುಕೊಂಡು ಬಂದು, ಶೆಡ್ಡಿನ ಕುರ್ಚಿಯಲ್ಲಿ ಗೇಟಿನ ಕಡೆ ಮುಖ ಮಾಡಿ ಕೂತಳು. ತಿಂಡಿ ತಟ್ಟೆ ತಂದಿಟ್ಟೆ. ಮುಟ್ಟಲಿಲ್ಲ.

"ನಿಮ್ ಬಾವ ಬರ್ಲಿ. ಹಬ್ಬದ ದಿನ ಗಂಡಸು ಉಣ್ದೆ ನಾನು ಉಣ್ಣಕ್ಕಾಯ್ತದಾ?"

ಭಾವ ಹೋಗಿ ವರ್ಷಗಳಾಗಿವೆ. ಅವರನ್ನು ಹೊಲದ ಅಂಚಿನಲ್ಲಿ ಮಣ್ಣು ಮಾಡಿದ ದಿನ ಅಕ್ಕನ ಪಕ್ಕದಲ್ಲಿ ನಾನೇ ಇದ್ದೆ. ಅದನ್ನು ನೆನಪಿಸಬಹುದಿತ್ತು. ಆದರೆ ಮರೆವಿನ ಪೇಷಂಟುಗಳಿಗೆ ಸಾವಿನ ಸುದ್ದಿಯನ್ನು ಮತ್ತೆ ಮತ್ತೆ ಹೇಳಿದರೆ ಪ್ರತಿ ಸಲವೂ ಹೊಸದಾಗಿ ಅಳುತ್ತಾರೆ ಎಂದು ನನಗೆ ಗೊತ್ತು. ತಟ್ಟೆಗೆ ಮುಚ್ಚಳ ಮುಚ್ಚಿಟ್ಟೆ. ಸಂಜೆ ಮಗಳು ಬಂದು, "ದೊಡ್ಡಮ್ಮ, ದೊಡ್ಡಪ್ಪಂಗೆ ಬಸ್ ಸಿಕ್ಕಿಲ್ವಂತೆ, ನೀವು ಊಟ ಮಾಡಬೇಕಂತೆ" ಎಂದು ಹೇಳಿದ ಮೇಲೆ ಎರಡು ತುತ್ತು ತಿಂದಳು.

ಒಂದು ದಿನವಾದರೆ ತಾಳಿಕೊಳ್ಳಬಹುದಿತ್ತು. ಮರುದಿನ ಬೆಳಿಗ್ಗೆ ಮತ್ತೆ ಬಣ್ಣದ ಬಟ್ಟಲು, ಮತ್ತೆ ಹಬ್ಬ. ಅದೇ ಸೀರೆ, ಅದೇ ಕುರ್ಚಿ. ಬಟ್ಟಲು ಬಚ್ಚಿಟ್ಟು ಬಿಳಿ ಪುಡಿ ಕೊಟ್ಟರೆ ಕೈಯನ್ನು ತಿರುಗಿಸಿ ನೋಡಿಕೊಂಡು ಡಬ್ಬಿ ಪಕ್ಕಕ್ಕಿಡುತ್ತಿದ್ದಳು. ಬಣ್ಣ ಕೊಟ್ಟರೆ ಕೈ ಬದುಕುತ್ತಿತ್ತು, ಹೊಟ್ಟೆ ಒಣಗುತ್ತಿತ್ತು. ಬಿಳಿ ಕೊಟ್ಟರೆ ಊಟ ಸೇರುತ್ತಿತ್ತು, ಕೈ ಸುಮ್ಮನೆ ಮಡಿಲಲ್ಲಿ ಬಿದ್ದಿರುತ್ತಿತ್ತು. ಊಟಕ್ಕೆ ಮೊದಲು ನುಂಗಬೇಕಾದ ಮಾತ್ರೆ, ಊಟದ ನಂತರದ ಮಾತ್ರೆ ಎಲ್ಲ ಅಡ್ಡಾದಿಡ್ಡಿಯಾಯಿತು. ಅವಳ ತೋಳು ಹಿಡಿದರೆ ಮೊದಲಿನ ದಪ್ಪ ಇಲ್ಲವೆಂದು ನನ್ನ ಕೈಗೆ ತಿಳಿಯುತ್ತಿತ್ತು. ಉಯ್ಯಂಬಳ್ಳಿಯಿಂದ ಅವಳ ಮಗ ಫೋನ್ ಮಾಡಿದ. "ಚಿಕ್ಕವ್ವ, ನಿಮ್ಗೆ ಕಷ್ಟ ಆಯ್ತದೆ ಅಂದ್ರೆ ಕರ್ಕೊಂಡು ಬತ್ತೀನಿ" ಎಂದ. ಅವನ ಮಾತಿನಲ್ಲಿ ಕೊಂಕಿರಲಿಲ್ಲ. ನನ್ನ ಕಣ್ಣ ಮುಂದೆ ಆ ಬಾವಿ ಬಂತು. "ಬೇಡ, ಇರಲಿ" ಎಂದೆ.

ಹಳೆಯ ದಾರಿಯೊಂದು ನೆನಪಾಯಿತು. ಕೆಮ್ಮಣ್ಣು ತರಿಸಿ, ನೀರಿನಲ್ಲಿ ಕಲಸಿ, ಹೊಸ್ತಿಲಿನ ಎದುರು ಸಾರಿಸಲು ಕೂತೆ. ಎಪಾಕ್ಸಿಯ ಮೇಲೆ ಅದು ನಿಲ್ಲಲೇ ಇಲ್ಲ. ಹನಿ ಹನಿಯಾಗಿ ಒಡೆದು ಒಂದು ಕಡೆ ಸೇರಿಕೊಂಡಿತು. ಒಣಗಿದ ಮೇಲೆ ಹಕ್ಕಳೆಯಂತೆ ಎದ್ದು ಕಾಲಿಗೆ ಮೆತ್ತಿಕೊಂಡಿತು. ಅಕ್ಕ ಕುರ್ಚಿಯಲ್ಲಿ ಕೂತು ನೋಡುತ್ತಿದ್ದಳು.

"ಎಣ್ಣೆ ಹಚ್ಚಿದ ತಲೆ ಮ್ಯಾಗೆ ನೀರು ಹುಯ್ದಂಗೆ ಆಯ್ತದಲ್ಲೆ" ಎಂದಳು. "ಬುಡು ಅತ್ಲಾಗಿ. ನೆಂಟ್ರು ಬರೋ ಹೊತ್ತಾಯ್ತು, ಕೈ ತೊಳ್ಕೊ."

ಬಿಳಿ ನೆಲದ ತುಂಬ ಕೆಂಪು ಹೆಜ್ಜೆಗಳಾಗಿದ್ದವು. ನಾನು ಬಯಸಿದ ಹಾಗೆಯೇ ಒಂದೂ ಬಿಡದೆ ಕಾಣುತ್ತಿದ್ದವು. ಬಕೆಟ್ಟು ತಂದು ಒರೆಸಿದೆ.

ಆ ಸಂಜೆ ಕಂಟ್ರಾಕ್ಟರನಿಗೆ ಫೋನ್ ಮಾಡಿದೆ. "ಹೊಸ್ತಿಲ ಮುಂದೆ ಒಂದಿಷ್ಟು ಜಾಗಕ್ಕೆ ಇಟ್ಟಿಗೆ ಕೆಂಪು ಹಾಕಬೇಕು. ಒಬ್ಬರು ಕೂತು ಕೈ ಚಾಚಿದರೆ ಎಷ್ಟು ದೂರ ಮುಟ್ಟುತ್ತೋ ಅಷ್ಟು."

"ಮೇಡಂ, ಬಿಳೀನೇ ಬೇಕು ಅಂದೋರೂ ನೀವೇ ಅಲ್ವಾ? ನಡುವೆ ಹಂಗೆ ಹಾಕಿದ್ರೆ ಎದ್ದು ಕಾಣುತ್ತೆ. ಪೂರ್ತಿ ಬದಲಾಯಿಸಿ ಬಿಡೋಣ."

"ಎದ್ದು ಕಾಣಲಿ. ಉಳಿದದ್ದು ಬಿಳಿಯೇ ಇರಲಿ, ಎಣ್ಣೆ ಬಿದ್ದರೆ ನನಗೆ ಗೊತ್ತಾಗಬೇಕು."

ಮಗಳು ಊಟಕ್ಕೆ ಕೂತಾಗ ವಿಷಯ ಹೇಳಿದೆ. "ಬಿಳಿ ಸೀರೆಗೆ ಕೆಂಪು ತೇಪೆ" ಎಂದಳು. ತಮಾಷೆಗೆ ಹೇಳಿದವಳು ನನ್ನ ಮುಖ ನೋಡಿ ದನಿ ಬದಲಿಸಿದಳು. "ಹಾಕ್ಸು ಅಮ್ಮ. ಆದ್ರೆ ಒಂದು ಮಾತು. ದೊಡ್ಡಮ್ಮ ಈಗ ದಿನಾ ಖುಷಿಯಾಗಿ ಗೇಟ್ ನೋಡ್ಕೊಂಡು ಕೂತಿರ್ತಾರೆ. ಅದನ್ನ ತೆಗೆದ್ರೆ ಏನಾಗುತ್ತೋ."

"ಖುಷಿಯಾಗಿ ಉಪವಾಸ ಕೂರೋದಾ?"

"ನಾನು ಹೇಳೋದು ಅದಲ್ಲ" ಎಂದಳು. ತಟ್ಟೆ ಎತ್ತಿಕೊಂಡು ಎದ್ದು ಹೋದಳು. ಆದರೆ ಆ ಮಾತು ನನ್ನ ತಲೆಯಿಂದ ಹೋಗಲಿಲ್ಲ. ಆಸ್ಪತ್ರೆಯಲ್ಲಿ ನಾವು ಪೇಷಂಟ್ ಊಟ ಮಾಡಿದರೇ, ನಿದ್ದೆ ಮಾಡಿದರೇ ಎಂದು ಬರೆದುಕೊಳ್ಳುತ್ತಿದ್ದೆವು. ಯಾರ ದಾರಿ ಕಾಯುತ್ತಿದ್ದಾರೆ ಎಂದು ಬರೆದುಕೊಳ್ಳುವ ಜಾಗ ಅದರಲ್ಲಿ ಇರಲಿಲ್ಲ.

ಕಂಟ್ರಾಕ್ಟರ್ ಬಂದು ಟೇಪು ಅಂಟಿಸಿ ಚೌಕ ಗುರುತು ಮಾಡಿದ. ಹೊಳಪು ಹೋಗುವವರೆಗೆ ಅಷ್ಟು ಜಾಗವನ್ನು ಉಪ್ಪುಕಾಗದದಿಂದ ಉಜ್ಜಿ, ಕೆಂಪು ಬಳಿದ. ಹೊಳಪು ಬೇಡವೆಂದು ಈ ಸಲ ಮೊದಲೇ ಹೇಳಿದ್ದೆ. ಒಣಗುವ ತನಕ ಅದರ ಮೇಲೆ ಕಾರು ಬಾರದಂತೆ, ಯಾರೂ ತುಳಿಯದಂತೆ ನಾಲ್ಕು ಕುರ್ಚಿ ಅಡ್ಡ ಇಟ್ಟೆ. ಬಣ್ಣದ ಬಟ್ಟಲುಗಳನ್ನು ತೊಳೆದು ಅಟ್ಟದ ಮೇಲೆ ಹಾಕಿದೆ.

ಕುರ್ಚಿ ತೆಗೆದ ಬೆಳಿಗ್ಗೆ ಅಕ್ಕ ಹೊಸ್ತಿಲಿಗೆ ಬಂದಳು. ಸೀರೆ ಎತ್ತಿ ಹಿಡಿಯಲಿಲ್ಲ. ಕೆಂಪು ಚೌಕದ ಮೇಲೆ ಕಾಲಿಟ್ಟು ನಿಂತು, ಪಾದ ತಿರುಗಿಸಿ ನೆಲವನ್ನು ಉಜ್ಜಿ ನೋಡಿದಳು. ನಾನು ಬಿಳಿ ಪುಡಿಯ ಡಬ್ಬಿ ಕೊಟ್ಟೆ. ಕೂತಳು. ಮೊದಲ ಚುಕ್ಕಿ ಬಿತ್ತು, ಕಂಡಿತು. ಎರಡನೆಯದು, ಮೂರನೆಯದು. ಬೇಗ ಬೇಗ ಒಂದು ಸಾಲು ಮುಗಿಸಿ ಕೈ ನಿಲ್ಲಿಸಿದಳು. ಕೈ ನೋಡಿಕೊಳ್ಳಲಿಲ್ಲ. ಗೇಟಿನ ಕಡೆ ನೋಡಿದಳು.

"ಹಬ್ಬ ಮುಗೀತಾ?"

"ಮುಗೀತು ಅಕ್ಕ."

"ನಿಮ್ ಬಾವ ಬರ್ಲೇ ಇಲ್ಲ."

ಬೀದಿಯಲ್ಲಿ ಹಾಲಿನವನ ಗಾಡಿ ಹೋಯಿತು. ಅವಳು ಅದು ಕಣ್ಮರೆಯಾಗುವವರೆಗೆ ನೋಡಿ, ಮತ್ತೆ ನೆಲಕ್ಕೆ ಬಾಗಿದಳು.

"ಬೆಳ್ಳಗೆ ಹಾಕಿದ ಮ್ಯಾಕೆ ಇನ್ಯಾರು ಬಂದಾರು" ಎಂದಳು. ನನಗೆ ಹೇಳಿದ್ದಲ್ಲ. ಚುಕ್ಕಿಗೆ ಚುಕ್ಕಿ ಸೇರಿಸುತ್ತ, ಮೊದಲಿನ ಹಾಗೆ ಬಾಯೊಳಗೇ ಏನೋ ಎಣಿಸಿಕೊಳ್ಳುತ್ತ ಹೋದಳು. ಗೆರೆಗಳು ಸುತ್ತಿ ಸುತ್ತಿ ಬಂದವು. ಮುಗಿಸಿ, ನನ್ನ ಹೆಗಲ ಮೇಲೆ ಕೈ ಊರಿ ಎದ್ದಳು. ಹೆಗಲ ಮೇಲೆ ಅವಳ ಭಾರ ತುಂಬ ಕಡಿಮೆಯಿತ್ತು.

"ಒಸಿ ರೊಟ್ಟಿ ತಟ್ಟು, ಹಸೀತೈತೆ" ಎಂದು ಒಳಗೆ ಹೋದಳು. ಆ ದಿನ ಎರಡು ರೊಟ್ಟಿ ತಿಂದಳು. ಯಾರು ಬಂದರೆಂದು ಕೇಳಲಿಲ್ಲ, ಗೇಟಿನ ಕಡೆಗೂ ನೋಡಲಿಲ್ಲ.

ಅವಳಿಗೆ ಬಡಿಸಿ ಹೊರಗೆ ಬಂದು ರಂಗೋಲಿ ನೋಡಿದೆ. ಕೆಂಪಿನ ಮೇಲೆ ಬಿಳಿ ಸ್ಪಷ್ಟವಾಗಿತ್ತು. ಬಲಗಡೆಯ ಮೂಲೆಯಲ್ಲಿ ಒಂದು ಚುಕ್ಕಿಗೆ ಗೆರೆ ಮುಟ್ಟಿರಲಿಲ್ಲ. ಎಲ್ಲ ಬಳ್ಳಿಗಳ ಹೊರಗೆ ಅದೊಂದೇ ಉಳಿದಿತ್ತು. ಅಕ್ಕನ ರಂಗೋಲಿಯಲ್ಲಿ ಹಾಗೆ ಉಳಿದದ್ದನ್ನು ನಾನು ಎಂದೂ ನೋಡಿರಲಿಲ್ಲ. ಅವಳ ಕೈ ತಪ್ಪಿತೋ, ಬೇಕೆಂದೇ ಬಿಟ್ಟಳೋ, ಮಧ್ಯೆ ಗೇಟಿನ ಕಡೆ ನೋಡಿದಾಗ ಎಣಿಕೆ ಹೋಯಿತೋ ತಿಳಿಯಲಿಲ್ಲ. ಡಬ್ಬಿ ಅಲ್ಲೇ ಇತ್ತು. ಬಾಗಿ ಎರಡು ಬೆರಳಲ್ಲಿ ಪುಡಿ ತೆಗೆದುಕೊಂಡೆ. ಇಷ್ಟು ಗೆರೆ ಎಳೆದರೆ ಸರಿಹೋಗುತ್ತಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಪುಡಿಯನ್ನು ಡಬ್ಬಿಗೇ ಉದುರಿಸಿ ಮುಚ್ಚಳ ಹಾಕಿದೆ. ಊಟದ ನಂತರದ ಮಾತ್ರೆಗೆ ಹೊತ್ತಾಗಿತ್ತು. ಒಳಗೆ ಹೋದೆ.